ಅವ್ವನ ಮೈಮೇಲಿನ ದೇವರು ಮತ್ತು ಮೆದುಳಿನ ಶಾಸ್ತ್ರ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬುವವನಲ್ಲ. ನಮ್ಮವ್ವ ನಂಬುತ್ತಿದ್ದಳು. ವರ್ಷಕ್ಕೊಂದು ರಾತ್ರಿ ನಮ್ಮವ್ವನೇ ದೇವರಾಗುತ್ತಿದ್ದಳು.

ಅದು ಮಾರಿಹಬ್ಬದ ರಾತ್ರಿ. ನಮ್ಮಪ್ಪನ ತಮಟೆ ಏರುಗತಿಗೆ ಬಂದಾಗ ಅವ್ವನ ಕಣ್ಣು ನೆಟ್ಟು, ತುರುಬು ಬಿಚ್ಚಿ, ಮೈ ಗಡಗಡ ನಡುಗಿ, ದನಿಯೇ ಬದಲಾಗುತ್ತಿತ್ತು. ಆಗ ಊರ ಪಟೇಲ ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಸುತ್ತಿಕೊಂಡು ಅವಳ ಮುಂದೆ ಕೈಮುಗಿದು ನಿಲ್ಲುತ್ತಿದ್ದ. 'ತಪ್ಪಾಗದೆ ಕನವ್ವ, ಹೊಟ್ಟೆಗಾಕ್ಕೊ. ಈ ಸಲನಾದ್ರೂ ಮಳೆ ಕೊಡು ತಾಯಿ' ಅನ್ನುತ್ತಿದ್ದ. ಅವ್ವ ಅವನನ್ನು 'ಬಾರ್ಲಾ ಇಲ್ಲಿ' ಎಂದು ಕರೆದು, ಅವನು ಒತ್ತಿಕೊಂಡ ಗದ್ದೆಯಿಂದ ಹಿಡಿದು ಅಳತೆ ತಪ್ಪಿಸಿ ಕೊಟ್ಟ ರಾಗಿಯವರೆಗೆ ಎಲ್ಲವನ್ನೂ ಎತ್ತಿ ಆಡುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

ಬೆಳಿಗ್ಗೆ ಅದೇ ಅವ್ವ ಅದೇ ಪಟೇಲನ ಕೊಟ್ಟಿಗೆಗೆ ಸಗಣಿ ಬಾಚಲು ಹೋಗುತ್ತಿದ್ದಳು. ಬಾಯಾರಿದರೆ ಬೊಗಸೆ ಒಡ್ಡಬೇಕು. ಮೇಲಿನಿಂದ ನೀರು ಹುಯ್ಯುತ್ತಿದ್ದರು. ಚೊಂಬು ಕೈಗೆ ತಾಕುವಂತಿಲ್ಲ. 'ಅಮ್ಮೀ, ದೂರ ನಿಂತ್ಕೊ.'

ನನಗಾಗ ಏಳೆಂಟು ವರ್ಷ. ರಾತ್ರಿ ಕೈಮುಗಿಸಿಕೊಂಡವಳು ಬೆಳಿಗ್ಗೆ ಹೇಗೆ ಮೈಲಿಗೆಯಾದಳು ಅಂತ ಅಪ್ಪನನ್ನು ಕೇಳಿದೆ. ಅಪ್ಪ ತಮಟೆಯನ್ನು ಗೋಡೆಗೆ ನೇತುಹಾಕುತ್ತಾ, 'ರಾತ್ರಿ ಇದ್ದೋಳು ನಿಮ್ಮವ್ವ ಅಲ್ಲ ಕಲಾ, ಮಾರವ್ವ' ಅಂದ. 'ಮಾರವ್ವ ಹೋದ್ಮೇಲೆ ಉಳಿದೋಳು ಯಾರು?' ಅಂದೆ. ಅಪ್ಪ ಮಾತಾಡಲಿಲ್ಲ.

೨

ಈಚೆಗೆ ನಮ್ಮ ಅಧ್ಯಯನ ಶಿಬಿರಗಳಿಗೆ ಬರುವ ಹುಡುಗರು ಹೊಸ ಬಗೆಯ ಪುಸ್ತಕಗಳನ್ನು ಓದಿಕೊಂಡು ಬರುತ್ತಿದ್ದಾರೆ. ದೇವರು ದೆವ್ವಗಳಲ್ಲಿ ನಂಬಿಕೆ ಬರಬೇಕಾದರೆ ಪುರೋಹಿತನೇ ಬೇಕೆಂದಿಲ್ಲ, ವಿಕಾಸದ ಹಾದಿಯಲ್ಲಿ ಮನುಷ್ಯನ ಮೆದುಳು ರೂಪುಗೊಂಡಿರುವ ರೀತಿಯೇ ಹಾಗಿದೆ ಎಂಬುದು ಇವುಗಳ ಒಟ್ಟು ವಾದ. ಒಂದು ಶಿಬಿರದಲ್ಲಿ ಅವ್ವನ ಕತೆ ಹೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, 'ಸಾರ್, ಇದಕ್ಕೆಲ್ಲ ಈಗ ವೈಜ್ಞಾನಿಕ ವಿವರಣೆ ಸಿಕ್ಕಿದೆ. ನಂಬಿಕೆ ಅನ್ನೋದು ಸಹಜ. ಮಡಿ ಮೈಲಿಗೆ ಕೂಡ ಸಹಜ' ಅಂದ. ಅವನೂ ನಮ್ಮ ಕೇರಿಯಂಥದೇ ಕೇರಿಯಿಂದ ಬಂದವನು. ಅವನ ಬಾಯಿಂದ ಬಂದ ಆ 'ಕೂಡ' ಎಂಬ ಪದ ನನ್ನನ್ನು ಬಹಳ ದಿನ ಕಾಡಿತು. ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ಈ ಬರಹ ಆ ಓದಿನಿಂದ ಬಂದದ್ದು.

ವಾದವನ್ನು ಅದರ ನೆಲೆಯಲ್ಲೇ ಹೇಳಿಬಿಡುವುದು ನ್ಯಾಯ. ಸ್ಟೂವರ್ಟ್ ಗಥ್ರಿ ಎಂಬ ಮಾನವಶಾಸ್ತ್ರಜ್ಞರು 1993ರಲ್ಲಿ 'ಫೇಸಸ್ ಇನ್ ದಿ ಕ್ಲೌಡ್ಸ್' ಎಂಬ ಪುಸ್ತಕ ಬರೆದರು. ಕತ್ತಲಲ್ಲಿ ಪೊದೆ ಅಲ್ಲಾಡಿದರೆ ಅದು ಗಾಳಿ ಅಂದುಕೊಂಡವನಿಗಿಂತ ಅಲ್ಲಿ ಯಾರೋ ಇದ್ದಾರೆ ಅಂದುಕೊಂಡವನು ಬದುಕಿ ಉಳಿಯುವ ಸಾಧ್ಯತೆ ಹೆಚ್ಚು. ಹತ್ತು ಸಲ ತಪ್ಪು ತಿಳಿದರೂ ನಷ್ಟವಿಲ್ಲ, ಹನ್ನೊಂದನೆಯ ಸಲ ನಿಜವಾಗಿಯೂ ಚಿರತೆ ಇದ್ದರೆ ಜೀವ ಉಳಿಯಿತು. ಹೀಗಾಗಿ ಎಲ್ಲೆಲ್ಲೂ 'ಯಾರೋ' ಇದ್ದಾರೆಂದು ಕಾಣುವ ಬುದ್ಧಿ ನಮಗೆ ಬಂದಿದೆ. ಹುಣಸೆಮರದ ದೆವ್ವದಿಂದ ಆಕಾಶದ ದೇವರವರೆಗೆ ಎಲ್ಲವೂ ಈ ಬುದ್ಧಿಯ ಮಕ್ಕಳು.

ಕ್ಯಾಮರೂನಿನ ಫಾಂಗ್ ಜನರ ನಡುವೆ ಕೆಲಸ ಮಾಡಿದ ಪಾಸ್ಕಲ್ ಬಾಯರ್ 2001ರಲ್ಲಿ 'ರಿಲಿಜನ್ ಎಕ್ಸ್‌ಪ್ಲೇನ್ಡ್' ಬರೆದು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮರ ಬರೀ ಮರವಾದರೆ ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಮರದಂತೆಯೇ ಚಿಗುರಿ ಒಣಗುವ ಮರ ನಾವು ಹೊತ್ತ ಹರಕೆಯನ್ನು ಕೇಳಿಸಿಕೊಳ್ಳುತ್ತದೆ ಅಂದರೆ ಮಾತು ನಿಲ್ಲುತ್ತದೆ. ಲೋಕದ ನಿಯಮವನ್ನು ಒಂದೇ ಒಂದು ಕಡೆ ಮುರಿದು ಉಳಿದ ಕಡೆ ಪಾಲಿಸುವ ಕಲ್ಪನೆಗಳು ನೆನಪಲ್ಲಿ ಉಳಿಯುತ್ತವೆ, ಬಾಯಿಂದ ಬಾಯಿಗೆ ಹಬ್ಬುತ್ತವೆ. ಧರ್ಮಕ್ಕೆಂದೇ ಮೆದುಳಿನಲ್ಲಿ ಬೇರೆ ಜಾಗವಿಲ್ಲ. ಬೇರೆ ಬೇರೆ ಕೆಲಸಗಳಿಗಾಗಿ ಬೆಳೆದ ಬುದ್ಧಿಯ ಉಪಕರಣಗಳ ಉಪಫಲ ಅದು.

ಇದರಲ್ಲಿ ನಮಗೆ ಬೇಕಾದದ್ದು ಇದೆ. ಜಸ್ಟಿನ್ ಬ್ಯಾರೆಟ್ ಮತ್ತು ಫ್ರಾಂಕ್ ಕೈಲ್ 1996ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ದೇವರು ಸರ್ವಾಂತರ್ಯಾಮಿ, ಒಂದೇ ಕಾಲಕ್ಕೆ ಎಲ್ಲವನ್ನೂ ಮಾಡಬಲ್ಲ ಎಂದು ಬಾಯಲ್ಲಿ ಹೇಳುವ ಜನಕ್ಕೆ ಕತೆಗಳನ್ನು ಓದಿಸಿ ಆಮೇಲೆ ನೆನಪಿಸಿಕೊಳ್ಳಿ ಅಂದರು. ನೆನಪಿನಲ್ಲಿ ಆ ದೇವರು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವವನಾಗಿಬಿಟ್ಟಿದ್ದ. ಬ್ಯಾರೆಟ್ ಇದನ್ನೇ ಉತ್ತರ ಭಾರತದ ಹಿಂದೂಗಳ ನಡುವೆ ಮಾಡಿ 1998ರಲ್ಲಿ ಪ್ರಕಟಿಸಿದರು. ಅಲ್ಲೂ ಹಾಗೆಯೇ. ಅಂದರೆ ನಿರ್ಗುಣ ನಿರಾಕಾರದ ಬಗ್ಗೆ ಉಪನ್ಯಾಸ ಮಾಡುವವನ ತಲೆಯೊಳಗಿನ ದೇವರೂ ನಮ್ಮ ಮಾರವ್ವನ ಹಾಗೇ ಕಾಲೂರಿ ನಡೆಯುತ್ತಾನೆ. ನಮ್ಮ ದೇವತೆಗಳನ್ನು 'ಕ್ಷುದ್ರ' ಎಂದು ಕರೆದು, ನಮ್ಮ ಬುದ್ಧಿಯನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದ್ದ ಏಣಿ ಇಲ್ಲಿ ಮುರಿದುಬೀಳುತ್ತದೆ. ಕೇರಿಯ ಬುದ್ಧಿ, ಅಗ್ರಹಾರದ ಬುದ್ಧಿ ಎಂದು ಎರಡಿಲ್ಲ. ಇಷ್ಟು ಹೇಳಿದ್ದಕ್ಕೆ ಈ ವಿಜ್ಞಾನಕ್ಕೆ ನಾನು ಋಣಿ.

೩

ತಕರಾರು ಶುರುವಾಗುವುದು ಮೈಲಿಗೆಯ ಹತ್ತಿರ.

ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜತೆಗಾರರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿಯಾದದ್ದು. ರೋಗಾಣುಗಳಿಲ್ಲದಂತೆ ಶುದ್ಧಿ ಮಾಡಿದ ಸತ್ತ ಜಿರಳೆಯನ್ನು ಹಣ್ಣಿನ ರಸಕ್ಕೆ ಅದ್ದಿ ತೆಗೆದರು. ಜಿರಳೆ ಶುದ್ಧ ಎಂದು ಗೊತ್ತಿದ್ದೂ ಜನ ಆ ರಸವನ್ನು ಒಲ್ಲೆ ಅಂದರು. ಒಮ್ಮೆ ತಾಕಿದ್ದು ತಾಕಿದ್ದೇ ಎನ್ನುವ ಭಾವನೆ ತರ್ಕಕ್ಕೆ ಬಗ್ಗುವುದಿಲ್ಲ. ಕೊಳೆತ ಮಾಂಸ, ಹೆಣ, ಮಲ, ಉಗುಳು ಇವುಗಳಿಂದ ದೂರವಿದ್ದವರು ರೋಗದಿಂದ ಪಾರಾದರು, ಅವರ ಹೇಸಿಗೆಯೇ ನಮಗೆ ಬಳುವಳಿಯಾಗಿ ಬಂತು ಎಂಬುದು ಇದಕ್ಕೆ ಕೊಡುವ ವಿಕಾಸವಾದಿ ವಿವರಣೆ. ಇಲ್ಲಿಂದ ಮಡಿಗೆ ಬರಲು ಇನ್ನೊಂದೇ ಹೆಜ್ಜೆ.

ಆ ಹೆಜ್ಜೆ ಇಟ್ಟವರು ಜೊನಾಥನ್ ಹೈಟ್. ಅವರು 1993ರಲ್ಲಿ ಭುವನೇಶ್ವರದಲ್ಲಿ ಮೂರು ತಿಂಗಳು ಇದ್ದವರು. 2012ರ 'ದಿ ರೈಟಿಯಸ್ ಮೈಂಡ್' ಪುಸ್ತಕದಲ್ಲಿ ಆ ಅನುಭವ ಬರೆದಿದ್ದಾರೆ. ಗಂಡಸರ ಜತೆ ಕೂತು ಉಂಡದ್ದು, ಹೆಂಗಸರು ಬಡಿಸಿ ಒಳಗೆ ಸರಿದದ್ದು, ಆಳುಗಳಿಗೆ ಥ್ಯಾಂಕ್ಸ್ ಹೇಳಬೇಡಿ ಎಂದು ಅವರಿಗೆ ತಿಳಿಹೇಳಿದ್ದು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮೊದಲು ಇರುಸುಮುರುಸು. ಮೆಲ್ಲಗೆ ಆತಿಥೇಯರು ಇಷ್ಟವಾದರು. ಇಷ್ಟವಾದ ಮೇಲೆ ಅವರ ಶುದ್ಧಿಯ ನೀತಿಯಲ್ಲೂ ಒಂದು ಸೊಬಗು ಕಂಡಿತು. ಕೊನೆಗೆ 'ಪಾವಿತ್ರ್ಯ'ವೂ ಮನುಷ್ಯನ ನೈತಿಕತೆಯ ಬುನಾದಿಗಳಲ್ಲಿ ಒಂದು, ಅದರ ಬೇರು ರೋಗಭಯದ ವಿಕಾಸದಲ್ಲಿದೆ ಎಂಬ ಸಿದ್ಧಾಂತಕ್ಕೆ ಅವರು ಬಂದರು.

ಹೈಟ್ ಪ್ರಾಮಾಣಿಕರು, ಅದರಲ್ಲಿ ಅನುಮಾನವಿಲ್ಲ. ನನ್ನ ಪ್ರಶ್ನೆ ಬೇರೆ. ಊಟಕ್ಕೆ ಯಾರ ಮನೆಯಲ್ಲಿ ಕೂತಿರಿ ಎನ್ನುವುದು ಯಾವ ಸಿದ್ಧಾಂತಕ್ಕೆ ಬಂದಿರಿ ಎನ್ನುವುದನ್ನು ತೀರ್ಮಾನ ಮಾಡುವುದಿಲ್ಲವೇ? ಥ್ಯಾಂಕ್ಸ್ ಹೇಳಿಸಿಕೊಳ್ಳಬಾರದ ಆಳಿನ ಹಟ್ಟಿಯಲ್ಲಿ ಮೂರು ತಿಂಗಳು ಉಂಡಿದ್ದರೆ ಪಾವಿತ್ರ್ಯದ ಸೊಬಗು ಇದೇ ಪ್ರಮಾಣದಲ್ಲಿ ಕಾಣುತ್ತಿತ್ತೇ?

ಹೇಸಿಗೆಯ ವಾದಕ್ಕೆ ನಮ್ಮ ನೆಲದಲ್ಲೇ ಉತ್ತರವಿದೆ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಡೆಸ್ನಾನ ನಡೆಯುತ್ತಿತ್ತು. ಬ್ರಾಹ್ಮಣರು ಉಂಡು ಬಿಟ್ಟ ಎಂಜಲೆಲೆಗಳ ಮೇಲೆ ಜನ ಉರುಳುತ್ತಿದ್ದರು. ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ. ಬಹಳ ಹೋರಾಟ, ಕೋರ್ಟು ಕಚೇರಿಗಳ ನಂತರ ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾನೂನು ಇಂಥ ಉರುಳುವಿಕೆಯನ್ನು ನಿಷೇಧಿಸಿತು. ಈಗ ಯೋಚಿಸಿ. ರೋಗಾಣುವಿನ ಭಯದಿಂದ ಹುಟ್ಟಿದ ಹೇಸಿಗೆಗೆ ಎಂಜಲಿಗಿಂತ ದೊಡ್ಡ ಗುರಿ ಇದೆಯೇ? ಆದರೂ ಒಬ್ಬರ ಎಂಜಲು ಔಷಧಿಯಾಯಿತು. ದನದ ಗಂಜಲ ಪಂಚಗವ್ಯವಾಗಿ ಬಾಯಿಗೆ ಬಂತು. ಮಿಂದು ಮಡಿಯುಟ್ಟು ಬಂದ ನಮ್ಮಪ್ಪನ ನೆರಳು ಮಾತ್ರ ಮೈಲಿಗೆಯಾಗಿ ಉಳಿಯಿತು. ಮೂಗು ಕಣ್ಣು ನಾಲಗೆಗಳು ಹೇಸಬೇಕಾದ ಕಡೆ ಹೇಸದಂತೆ, ಹೇಸಬೇಕಿಲ್ಲದ ಕಡೆ ಹೇಸುವಂತೆ ಒಂದು ಸಮಾಜ ತನ್ನ ಮಕ್ಕಳನ್ನು ಪಳಗಿಸಿದೆ. ಪಳಗಿಸಿದ್ದನ್ನು ಸಹಜ ಅನ್ನಬಹುದೇ? ಹೇಸುವ ಶಕ್ತಿಯನ್ನು ಪ್ರಕೃತಿ ಕೊಟ್ಟಿರಬಹುದು. ಯಾರನ್ನು ಕಂಡು ಹೇಸಬೇಕು ಎಂಬ ಪಟ್ಟಿಯನ್ನು ಬರೆದದ್ದು ಪ್ರಕೃತಿಯಲ್ಲ.

ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದ ಆರಂಭದಲ್ಲೇ ಈ ಗಂಟನ್ನು ಬಿಚ್ಚಿದ್ದಾರೆ. ಹುಟ್ಟು, ಸಾವು, ಮುಟ್ಟು ಇವುಗಳ ಸೂತಕ ಲೋಕದ ಎಷ್ಟೋ ಆದಿಮ ಸಮಾಜಗಳಲ್ಲಿ ಇದೆ ಎಂಬುದನ್ನು ಅವರು ಒಪ್ಪುತ್ತಾರೆ, ಉದಾಹರಣೆಗಳನ್ನೂ ಕೊಡುತ್ತಾರೆ. ಆದರೆ ಆ ಸೂತಕಕ್ಕೆ ಒಂದು ಗಡುವಿದೆ. ಇಷ್ಟು ದಿನ ಕಳೆದರೆ, ನೀರಿನಲ್ಲಿ ಮಿಂದರೆ ಅದು ಹೋಗುತ್ತದೆ. ಇಲ್ಲಿಯದು ಹುಟ್ಟಿನಿಂದ ಬಂದು ಚಟ್ಟದವರೆಗೆ ಇರುತ್ತದೆ, ಮಕ್ಕಳಿಗೂ ದಾಟುತ್ತದೆ, ಇಡೀ ಸಮುದಾಯಗಳನ್ನೇ ಊರಾಚೆಗೆ ನೂಕುತ್ತದೆ. ಯಾವ ನೀರಿಗೂ ಅದು ತೊಳೆದುಹೋಗುವುದಿಲ್ಲ. ಮೊದಲನೆಯದನ್ನು ವಿವರಿಸಿದ ಮಾತ್ರಕ್ಕೆ ಎರಡನೆಯದನ್ನು ವಿವರಿಸಿದಂತಾಗುವುದಿಲ್ಲ. ನನ್ನ ವಿದ್ಯಾರ್ಥಿ ಮಿತ್ರನ 'ಕೂಡ' ಜಾರಿಬಿದ್ದದ್ದು ಈ ಎರಡರ ನಡುವಿನ ಕಂದಕಕ್ಕೆ.

ತಳಿವಿಜ್ಞಾನ ಕೂಡ ಬಾಬಾಸಾಹೇಬರ ಕಡೆಗೇ ವಾಲುತ್ತದೆ. ಅವರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಜೀವಾಳ ಒಳಮದುವೆ ಎಂದು ವಾದಿಸಿದ್ದರು. ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು, ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ, 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನಸಮೂಹಗಳು ಧಾರಾಳವಾಗಿ ಬೆರೆತಿದ್ದವು. ಆಮೇಲೆ ಬೆರಕೆ ವಿರಳವಾಯಿತು. ಬೇಲಿ ಹಾಕುವುದು ಮೆದುಳಿನ ಗುಣವೇ ಆಗಿದ್ದರೆ ಆ ಎರಡು ಸಾವಿರ ವರ್ಷ ಮೆದುಳು ಎಲ್ಲಿ ಹೋಗಿತ್ತು?

ಇನ್ನೊಂದು ಅಧ್ಯಯನವನ್ನು ನಮ್ಮ ಗೆಳೆಯರು ಗಮನಿಸಬೇಕು. ರಾಮಸ್ವಾಮಿ ಮಹಾಲಿಂಗಂ ದಕ್ಷಿಣ ಭಾರತದಲ್ಲಿ ಬ್ರಾಹ್ಮಣರನ್ನೂ ದಲಿತರನ್ನೂ ಮಾತಾಡಿಸಿ 2003ರಲ್ಲಿ ಪ್ರಕಟಿಸಿದರು. ಜಾತಿ ರಕ್ತದೊಳಗೇ ಇದೆ, ಬದಲಾಗದು ಎಂದು ಕಾಣುವ ಒಲವು ಮೇಲಿನವರಲ್ಲಿ ಹೆಚ್ಚು, ದಲಿತರಲ್ಲಿ ಕಡಿಮೆ. ಇದು ಅದೇ ಅರಿವಿನ ವಿಜ್ಞಾನದ ಒಳಗಿನಿಂದಲೇ ಬಂದ ಸಾಕ್ಷಿ. ಒಂದೇ ಮೆದುಳು, ಆದರೆ ಜಗಲಿಯ ಮೇಲೆ ಕೂತವನಿಗೆ ಕಾಣುವ 'ಸಹಜ' ಅಂಗಳದಲ್ಲಿ ನಿಂತವನಿಗೆ ಕಾಣುವುದಿಲ್ಲ.

೪

ಎರಡನೆಯ ತಕರಾರು ಬೆಲೆಯ ಬಗ್ಗೆ. ದೇವರಿಗಾಗಿ ಮೈ ದಂಡಿಸುವುದು, ಉಪವಾಸ, ಬಲಿ ಇವೆಲ್ಲ ಯಾಕೆ ಎಂದರೆ ವಿಕಾಸವಾದಿಗಳಲ್ಲಿ ಒಂದು ಗುಂಪು ಹೀಗೆ ಹೇಳುತ್ತದೆ: ಬೆಲೆ ತೆತ್ತವನನ್ನು ಗುಂಪು ನಂಬುತ್ತದೆ. ಸುಳ್ಳುಗಾರ ಅಷ್ಟು ಕಷ್ಟ ಪಡಲಾರ. ರಿಚರ್ಡ್ ಸೋಸಿಸ್ ಮತ್ತು ಎರಿಕ್ ಬ್ರೆಸ್ಲರ್ 2003ರಲ್ಲಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ 83 ಸಮುದಾಯ ವಸಾಹತುಗಳ ಲೆಕ್ಕ ತೆಗೆದು, ಧಾರ್ಮಿಕ ವಸಾಹತುಗಳಲ್ಲಿ ಸದಸ್ಯರಿಂದ ಹೆಚ್ಚು ತ್ಯಾಗ ಕೇಳಿದವು ಹೆಚ್ಚು ಕಾಲ ಬಾಳಿದವು ಎಂದು ತೋರಿಸಿದರು.

ಆ ವಸಾಹತುಗಳಲ್ಲಿ ಬೆಲೆ ತೆತ್ತವನೂ ನಂಬಿಕೆ ಗಳಿಸಿದವನೂ ಒಬ್ಬನೇ. ನಮ್ಮ ಊರಿನಲ್ಲಿ? ಮಾರಿಹಬ್ಬದಲ್ಲಿ ಕೈ ಬೊಬ್ಬೆ ಬರುವವರೆಗೆ ತಮಟೆ ಬಡಿದವರು ನಾವು. ರಕ್ತ ಕಲಸಿದ ಅನ್ನವನ್ನು ನಡುರಾತ್ರಿ ಊರ ಗಡಿಗೆ ಹೊತ್ತು ಚೆಲ್ಲಿ ಬಂದವರು ನಾವು. ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಬಹುಪಾಲು ನಮ್ಮವರು, 1982ರಲ್ಲಿ ಅದಕ್ಕೊಂದು ನಿಷೇಧ ಕಾನೂನು ಬರಬೇಕಾಯಿತು. ಇಷ್ಟು ಬೆಲೆ ತೆತ್ತವರು ಗುಡಿಯ ಹೊರಗೆ. ಮೊದಲ ಮಂಗಳಾರತಿ ಪಟೇಲನಿಗೆ. ಬೆಲೆ ಒಬ್ಬರದು, ಮರ್ಯಾದೆ ಇನ್ನೊಬ್ಬರದು. ಈ ಸಿದ್ಧಾಂತದ ಲೆಕ್ಕದ ಪುಸ್ತಕದಲ್ಲಿ ಬಿಟ್ಟಿಚಾಕರಿಗೆ ಕಲಮು ಇಲ್ಲ.

ಮಾರಿಯ ಕತೆಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಎಲ್ಲರಿಗೂ ಗೊತ್ತು. ಜಾತಿ ಮುಚ್ಚಿಟ್ಟ ಹೊಲೆಯರ ಹುಡುಗ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಗುಟ್ಟು ಬಯಲಾದಾಗ ಅವಳು ಉಗ್ರವಾಗಿ ಮಾರಿಯಾದಳು, ಅವನು ಕೋಣವಾದ. ವರ್ಷವರ್ಷವೂ ಆ ಕೋಣದ ತಲೆ ಬೀಳಬೇಕು. ಈ ಕತೆ ಯಾಕೆ ನೆನಪಲ್ಲಿ ಉಳಿಯಿತು ಅನ್ನುವುದಕ್ಕೆ ಬಾಯರ್ ಉತ್ತರ ಕೊಡುತ್ತಾರೆ: ಹೆಣ್ಣು ದೇವತೆಯಾದಳು, ಗಂಡು ಕೋಣವಾದ, ನಿಯಮ ಮುರಿಯಿತು, ಮನಸ್ಸಿಗೆ ಹಿಡಿಯಿತು. ಆದರೆ ಕೋಣದ ತಲೆ ಯಾಕೆ ನಮ್ಮ ಅಜ್ಜನ ತಲೆಯೇ ಆಗಬೇಕು? ತನ್ನವನ ತಲೆ ಕಡಿಯುವಾಗ ತಮಟೆ ಬಡಿಯುವವನೂ ಅವನ ಕುಲದವನೇ ಯಾಕಾಗಬೇಕು? ಕತೆಯ ಆಕಾರ ಮೆದುಳಿನದಾಗಿದ್ದರೆ ಕತೆಯೊಳಗಿನ ಕತ್ತಿ ಚರಿತ್ರೆಯದು. ವಿಮರ್ಶೆ ಮಾಡುವವನು ಕತ್ತಿ ಯಾರ ಕೈಯಲ್ಲಿದೆ ಎಂದು ಕೇಳದಿದ್ದರೆ ಅವನು ಆಕಾರವನ್ನು ಹೊಗಳಿ ಮನೆಗೆ ಹೋಗುತ್ತಾನೆ.

೫

ಈ ಜಗಳ ಕನ್ನಡಕ್ಕೆ ಹೊಸದಲ್ಲ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದರು. ನಂಬಿಕೆ ಅಂದರೆ ಅಜ್ಞಾನ, ಬೆಳಕು ಬಿದ್ದರೆ ಓಡುತ್ತದೆ ಎನ್ನುವ ಭರವಸೆ ಆ ಕಾಲದ್ದು. ಹತ್ತು ವರ್ಷದ ಮೇಲೆ, 1986ರ ಮಾರ್ಚಿನಲ್ಲಿ, ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ಬಿದ್ದು, ಬಟ್ಟೆ ಕಿತ್ತು ಬೆತ್ತಲೆ ಮೆರೆಸಿತು. ಆಮೇಲೆ ಅನಂತಮೂರ್ತಿಯವರು 'ಬೆತ್ತಲೆ ಪೂಜೆ ಯಾಕೆ ಕೂಡದು' ಎಂಬ ಪ್ರಶ್ನೆಯನ್ನೆತ್ತಿ ಬರೆದರು. ಒಂದು ಕಡೆ ನಂಬಿಕೆ ಮೌಢ್ಯ ಎನ್ನುವವರು, ಇನ್ನೊಂದು ಕಡೆ ನಂಬಿಕೆಯ ಆಳ ನಿಮಗೇನು ಗೊತ್ತು ಎನ್ನುವವರು. ಈ ಎರಡರ ನಡುವೆ ಬೇವಿನುಡುಗೆಯ ಹರಕೆ ಹೊತ್ತ ಬಡ ಹೆಂಗಸು ನಿಂತೇ ಇದ್ದಳು. ಈಗ ಮೂರನೆಯವರು ಬಂದು ನಂಬಿಕೆ ಸಹಜ ಅನ್ನುತ್ತಿದ್ದಾರೆ. ಅವಳು ಈಗಲೂ ಅಲ್ಲೇ ನಿಂತಿದ್ದಾಳೆ.

ಅವಳನ್ನು ಕೇಳಬೇಕಾಗಿತ್ತು. ನಾನು ಕೇಳಿದ್ದೇನೆ. ಓದು ಮುಗಿಸಿ ನೌಕರಿ ಹಿಡಿದ ಮೇಲೆ ಒಂದು ದಿನ ಅವ್ವನ ಹತ್ತಿರ ಕೂತು, 'ನಿಜವಾಗ್ಲೂ ಮಾರವ್ವ ಬತ್ತಿದ್ಲೇನವ್ವ?' ಅಂದೆ. ಅವ್ವ ಅಡಿಕೆ ಅಗಿಯುತ್ತಾ ಬಹಳ ಹೊತ್ತು ಸುಮ್ಮನಿದ್ದಳು. 'ಬತ್ತಿದ್ಲು ಕನಪ್ಪ. ಬರ್ದಿದ್ರೆ ಆ ಪಟೇಲನ್ನ ಯಾರು ಕೇಳೋರು?' ಅಂದಳು.

ಐ. ಎಂ. ಲೂಯಿಸ್ 1971ರಲ್ಲೇ ಮೈಮೇಲೆ ಬರುವ ದೈವಗಳ ಬಗ್ಗೆ ಬರೆಯುತ್ತಾ, ಬಾಯಿಲ್ಲದವರು ಸುತ್ತಿ ಬಳಸಿ ಮಾಡುವ ಪ್ರತಿಭಟನೆಯ ಗುಣವನ್ನು ಇವುಗಳಲ್ಲಿ ಗುರುತಿಸಿದ್ದರು. ಅವ್ವನ ಮಾತು ಅದಕ್ಕೆ ಹತ್ತಿರದ್ದು. ಆದರೆ ಅದನ್ನು ಹಾಡಿ ಹೊಗಳುವುದೂ ನನಗೆ ಬೇಡ. ವರ್ಷಕ್ಕೊಂದು ರಾತ್ರಿ ಬೈಯಲು ಬಿಟ್ಟು ಉಳಿದ ದಿನವೆಲ್ಲ ಬೊಗಸೆ ಒಡ್ಡಿಸುವ ಏರ್ಪಾಡು ಊರಿಗೆ ಲಾಭದ್ದೇ. ಪಟೇಲ ಸುಮ್ಮನೆ ತಲೆ ತಗ್ಗಿಸುತ್ತಿರಲಿಲ್ಲ, ಬೆಳಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹಾಗಾದರೆ ಈ ವಿಜ್ಞಾನವನ್ನು ಏನು ಮಾಡೋಣ? ಓದೋಣ. ನಂಬುವುದು ಮನುಷ್ಯನ ಬುದ್ಧಿಯ ಒಲವೇ ಆಗಿದ್ದರೆ, ಬರೀ ಪವಾಡ ಬಯಲು ಮಾಡುವುದರಿಂದ ನಮ್ಮ ಕೇರಿಗಳ ಬಿಡುಗಡೆ ಆಗುವುದಿಲ್ಲ ಎಂಬ ಎಚ್ಚರವನ್ನು ಅದು ಕೊಡುತ್ತದೆ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರೂ ಮಿಂಚು ಮಳೆಗಳ ಭಯದಿಂದ, ಮಾಟಮಂತ್ರದಿಂದ ಹೊರಟು ಧರ್ಮ ಬೆಳೆದು ಬಂದ ಹಂತಗಳನ್ನು ಹೇಳುತ್ತಾರೆ. ಆದರೆ ಮೂಲವನ್ನು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಮನುಷ್ಯ ಮನುಷ್ಯನ ಜತೆ ಹೇಗೆ ಬಾಳಬೇಕು ಎನ್ನುವುದನ್ನು ಧಮ್ಮದ ನಡುವಿಗೆ ತಂದು ಇಡುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜತೆ ಅವರು ಮಾಡಿದ್ದು ಇದನ್ನೇ. ನಂಬುವ ಶಕ್ತಿಯನ್ನು ಅವರು ಜನರಿಂದ ಕಿತ್ತುಕೊಳ್ಳಲಿಲ್ಲ. ಅದಕ್ಕೆ ಹುಟ್ಟಿನ ಬೇಲಿಯಿಲ್ಲದ ಒಂದು ಬಯಲು ತೋರಿಸಿದರು. ಸಹಜವಾದದ್ದೆಲ್ಲ ಒಪ್ಪಬೇಕಾದದ್ದಲ್ಲ ಎಂದು ಹಟ ಹಿಡಿಯುವ ಶಕ್ತಿಯೂ ಈ ಮೆದುಳಿನದೇ ಅಲ್ಲವೇ?

ಆ ವಿದ್ಯಾರ್ಥಿ ಮಿತ್ರ ಇದನ್ನು ಓದುತ್ತಾನೆ ಎಂದು ತಿಳಿದಿದ್ದೇನೆ. ತಮ್ಮಾ, ನೀನು ಓದುವ ಪುಸ್ತಕಗಳನ್ನು ಓದು. ನನಗೂ ತಂದುಕೊಡು. ಆ 'ಕೂಡ' ಎನ್ನುವ ಪದವೊಂದನ್ನು ಹೊಡೆದುಹಾಕು. ನನ್ನ ಏಳು ವರ್ಷದ ಪ್ರಶ್ನೆಗೆ ಅಪ್ಪ ಉತ್ತರ ಕೊಡಲಿಲ್ಲ, ಮೆದುಳಿನ ಶಾಸ್ತ್ರವೂ ಕೊಡಲಿಲ್ಲ. ಮಾರವ್ವ ಇಳಿದು ಹೋದ ಮೇಲೆ ಉಳಿದವಳು ನಮ್ಮವ್ವ. ಅವಳಿಗೆ ಬಾಯಾರಿತ್ತು. ಚೊಂಬನ್ನು ಅವಳ ಕೈಗೆ ಕೊಡಬೇಕಾಗಿತ್ತು.